ಕರಕುಶಲ ಪಾಠದಲ್ಲಿ ಅಂಟು ಮತ್ತು ಅವಧಿ

1937ರ ವಾರ್ಧಾ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸುಬನ್ನು ಶಿಕ್ಷಣದ ಕೇಂದ್ರವನ್ನಾಗಿ ಮಾಡಬೇಕೆಂದು ಪ್ರತಿಪಾದಿಸಿದರು. ಕೈಕೆಲಸವು ಬಿಡುವಿನ ವಿನೋದವಲ್ಲ, ಬುದ್ಧಿಯನ್ನು ಬೆಳೆಸುವ ಸಾಧನವೆಂಬುದು ಅದರ ತಾತ್ಪರ್ಯ. ಆದರೆ ವಸ್ತುಪ್ರದರ್ಶನದ ಮುನ್ನಾದಿನ ರಾತ್ರಿ ಅಂಟಿಸಿದ ರಟ್ಟಿನ ಮನೆಯ ಮಾಡು ಬೆಳಗಾಗುವಷ್ಟರಲ್ಲಿ ಜಾರಿ ಬೀಳುವುದುಂಟು. ಆಗ ಹಿರಿಯರು ಅವಸರದಿಂದ ಮೊಳೆ ಹೊಡೆದೋ ದಾರ ಬಿಗಿದೋ ಅದನ್ನು ನಿಲ್ಲಿಸುತ್ತಾರೆ. ಮನೆ ನಿಲ್ಲುತ್ತದೆ, ತನ್ನ ಕೈಯಿಂದ ಇದು ಆಗದೆಂಬ ಭಾವನೆಯೂ ಮಗುವಿನ ಮನಸ್ಸಿನಲ್ಲಿ ನಿಲ್ಲುತ್ತದೆ. ತಪ್ಪು ಮಗುವಿನ ಕೈಯದಲ್ಲ; ಅಂಟಿಗೆ ಸಲ್ಲಬೇಕಾದ ಅವಧಿ ಸಲ್ಲದಿರುವುದೇ ಕಾರಣ.

ಶಾಲೆಗಳಲ್ಲಿ ಬಳಕೆಯಾಗುವ ಮೈದಾ ಹಿಟ್ಟಿನ ಸರಿ, ಗೋಂದು, ಬಿಳಿ ಅಂಟು ಈ ಮೂರರಲ್ಲಿಯೂ ನೀರಿದೆ. ಬಿಳಿ ಅಂಟಿನ ಮೂಲವಸ್ತುವಾದ ಪಾಲಿವಿನೈಲ್ ಅಸಿಟೇಟನ್ನು 1912ರಲ್ಲಿ ಜರ್ಮನಿಯ ಫ್ರಿಟ್ಜ್ ಕ್ಲಾಟೆ ಕಂಡುಹಿಡಿದನು. ಭಾರತದಲ್ಲಿ 1959ರಲ್ಲಿ ಬಳಕೆಗೆ ಬಂದ ಫೆವಿಕಾಲ್ ಈ ಬಗೆಯದು. ಇದರಲ್ಲಿ ರಾಳದ ಸೂಕ್ಷ್ಮ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಹೊರಟುಹೋದಂತೆ ಕಣಗಳು ಒಂದನ್ನೊಂದು ಸೇರಿ ಅಖಂಡವಾದ ಪೊರೆಯಾಗುತ್ತವೆ. ಹಾಲಿನಂತಿದ್ದ ಅಂಟು ಒಣಗಿದಾಗ ಪಾರದರ್ಶಕವಾಗುವುದು ಇದರಿಂದಲೇ. ಈ ಬಣ್ಣದ ಬದಲಾವಣೆಯನ್ನು ಗಮನಿಸಲು ಮಕ್ಕಳಿಗೆ ಕಲಿಸಿದರೆ, ಒಣಗಿತೇ ಎಂದು ಮತ್ತೆ ಮತ್ತೆ ಎಳೆದು ನೋಡುವ ಚಪಲ ತಪ್ಪುತ್ತದೆ.

ನೀರು ಹೊರಹೋಗಲು ಇರುವುದು ಎರಡೇ ದಾರಿ: ಒಂದು ಗಾಳಿಗೆ, ಇನ್ನೊಂದು ಅಂಟಿಸಿದ ವಸ್ತುವಿನೊಳಕ್ಕೆ. ಕಾಗದ, ರಟ್ಟು, ಮರ, ಬಟ್ಟೆ ಇವು ನೀರನ್ನು ಹೀರುತ್ತವೆ. ಗಾಜು, ತಗಡು, ಪ್ಲಾಸ್ಟಿಕ್ಕುಗಳು ಹೀರಲಾರವು. ಇಂಥ ಎರಡು ವಸ್ತುಗಳ ನಡುವೆ ಬಿಳಿ ಅಂಟು ಹಚ್ಚಿದರೆ ಅಂಚು ಒಣಗಿ, ನಡುಭಾಗ ಬಹುಕಾಲ ಹಸಿಯಾಗಿಯೇ ಉಳಿಯುತ್ತದೆ. ಒಂದು ಬದಿಯಲ್ಲಾದರೂ ಹೀರುವ ವಸ್ತುವಿರಬೇಕು.

ಹೆಚ್ಚು ಅಂಟು ಹಚ್ಚಿದರೆ ಹೆಚ್ಚು ಗಟ್ಟಿ ಎಂಬುದು ಮಕ್ಕಳ ಸಹಜ ನಂಬಿಕೆ. ವಾಸ್ತವವು ಇದಕ್ಕೆ ವಿರುದ್ಧವಾದುದು. ದಪ್ಪ ಲೇಪನದ ಮೇಲ್ಭಾಗ ಮೊದಲು ಒಣಗಿ ಕೆನೆಗಟ್ಟುತ್ತದೆ; ಒಳಗಿನ ನೀರಿಗೆ ಅದೇ ತಡೆಯಾಗುತ್ತದೆ. ಆದುದರಿಂದ ಕುಂಚದಿಂದಲೋ ರಟ್ಟಿನ ಚೂರಿನಿಂದಲೋ ಅಂಟನ್ನು ತೆಳ್ಳಗೆ, ಸಮನಾಗಿ ಸವರಬೇಕು. ಅನಂತರ ಚಪ್ಪಟೆಯಾದ ಭಾಗಗಳ ಮೇಲೆ ಪುಸ್ತಕಗಳ ಭಾರವಿಡಬೇಕು. ಮೂಲೆಗಳಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಬೇಕು. ಅರ್ಧ ಗಂಟೆಯಲ್ಲಿ ಜೋಡಣೆ ನಿಂತಂತೆ ಕಂಡರೂ ಪೂರ್ಣಬಲ ಬರಲು ಸಾಮಾನ್ಯವಾಗಿ 24 ಗಂಟೆ ಬೇಕು.

ಹವೆಯನ್ನೂ ಲಕ್ಷಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ ಗಾಳಿಯೇ ತೇವದಿಂದ ತುಂಬಿರುವುದರಿಂದ ಅಂಟಿನ ನೀರು ಬೇಗ ಆರದು. ಅಲ್ಲಿ ವಿದ್ಯುತ್ ಬೀಸಣಿಗೆಯ ಗಾಳಿ ಉಪಕಾರಿ. ಬಯಲುಸೀಮೆಯ ಬಿರುಬಿಸಿಲಿನಲ್ಲಿಟ್ಟರೆ ರಟ್ಟು ಒಂದು ಮಗ್ಗುಲಲ್ಲಿ ಬೇಗ ಒಣಗಿ ಸೊಟ್ಟಗಾಗುತ್ತದೆ. ಗಾಳಿಯಾಡುವ ನೆರಳೇ ಲೇಸು.

ಈ ಶಿಸ್ತು ನಾಡಿನ ಕುಶಲಕರ್ಮಿಗಳಿಗೆ ಹೊಸದಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಕಲಾವಿದರು ಹಗುರವಾದ ಮರದ ಗೊಂಬೆಗಳ ಕೆಲಸದಲ್ಲಿ ಹುಣಿಸೆಬೀಜದ ಅಂಟನ್ನು ಬಳಸುತ್ತ ಬಂದಿದ್ದಾರೆ. ಒಂದು ಲೇಪನ ಆರಿದ ಬಳಿಕವೇ ಮುಂದಿನದಕ್ಕೆ ಕೈಹಾಕುವುದು ಇಂಥ ಕಸುಬಿನ ಕ್ರಮ.

ಆದಕಾರಣ ಉಪಾಧ್ಯಾಯರು ಕತ್ತರಿಸುವುದಕ್ಕೆ ಒಂದು ದಿನ, ಅಂಟಿಸುವುದಕ್ಕೆ ಒಂದು ದಿನ, ಬಣ್ಣ ಹಚ್ಚುವುದಕ್ಕೆ ಮತ್ತೊಂದು ದಿನವನ್ನು ವೇಳಾಪಟ್ಟಿಯಲ್ಲಿ ಮೀಸಲಿಡುವುದು ಯುಕ್ತ. ನಡುವಣ ರಾತ್ರಿ ವ್ಯರ್ಥವಲ್ಲ; ಆಗ ಅಂಟು ತನ್ನ ಕೆಲಸ ಮಾಡುತ್ತಿರುತ್ತದೆ. ಮರುದಿನ ಬಂದು, ತಾನೇ ಕಟ್ಟಿದ ಮನೆ ಯಾರ ಆಸರೆಯೂ ಇಲ್ಲದೆ ನಿಂತಿರುವುದನ್ನು ಕಂಡ ಮಗುವಿಗೆ ತನ್ನ ಕೈಯ ಮೇಲೆ ವಿಶ್ವಾಸ ಮೂಡುತ್ತದೆ. ಕರಕುಶಲ ಪಾಠದ ನಿಜವಾದ ಫಲ ಅದೇ.