ಕೇಳುವ ಮೊದಲು, ಕೇಳಿದ ಮೇಲೆ

ಮುಕ್ಕುಂದ, ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯಿಂದ ಎಂಬಿಎ, ಎಂಎಸ್‌ಡಬ್ಲ್ಯೂ ಮುಗಿಸಿ ಬೆಂಗಳೂರು, ಹೈದರಾಬಾದು ಸೇರುವ ನಮ್ಮ ಹುಡುಗ ಹುಡುಗಿಯರು ಈಗ ಬಹಳ. ಅವರಲ್ಲಿ ಹಲವರು ಎಚ್‌ಆರ್ ವಿಭಾಗಕ್ಕೆ ಹೋಗುತ್ತಾರೆ. ಹೋದ ಹೊಸದರಲ್ಲೇ ಮೇಲಿನವರು ಒಪ್ಪಿಸುವ ಕೆಲಸವೊಂದಿದೆ: “ನೌಕರರ ಸರ್ವೆ ಒಂದು ಮಾಡಿಬಿಡು, ಸಾಫ್ಟ್‌ವೇರ್‌ನಲ್ಲಿ ಎಲ್ಲಾ ರೆಡಿ ಇದೆ.” ಸಣ್ಣ ಕೆಲಸ ಎಂದೇ ಕೊಡುತ್ತಾರೆ. ನಾನು ಸಿಬ್ಬಂದಿ ವಿಭಾಗದಲ್ಲೇ ತಲೆ ಹಣ್ಣಾದವನು. ಕಾರ್ಬನ್ ಹಾಳೆ ಇಟ್ಟು ಫಾರಂ ತುಂಬುತ್ತಿದ್ದ ಕಾಲದಿಂದ ಮೊಬೈಲ್ ಆ್ಯಪ್ ಬರುವವರೆಗೂ ನೋಡಿದ್ದೇನೆ. ಸಂಬಳದ ಪಟ್ಟಿಯನ್ನು ಬಿಟ್ಟರೆ ಆ ವಿಭಾಗದಲ್ಲಿ ಇದಕ್ಕಿಂತ ಜವಾಬ್ದಾರಿಯ ಕೆಲಸ ಇನ್ನೊಂದಿಲ್ಲ. ಅದಕ್ಕೇ ಇಷ್ಟು ಹೇಳಬೇಕೆನಿಸಿತು.

ಜೋಹೊ ಪೀಪಲ್ ಇರಲಿ, ಡಾರ್ವಿನ್‌ಬಾಕ್ಸ್ ಇರಲಿ, ಒಡೂ ಇರಲಿ, ಆ ಸಾಫ್ಟ್‌ವೇರ್‌ನ ಸರ್ವೆ ಭಾಗ ತೆರೆದ ಕೂಡಲೇ ಸಿದ್ಧ ಪ್ರಶ್ನೆಗಳ ಸಾಲು ಕಾಣುತ್ತದೆ. ನಾಲ್ಕು ಸಲ ಒತ್ತಿದರೆ ಐವತ್ತು ಪ್ರಶ್ನೆಯ ಫಾರಂ ಸಿದ್ಧ. ಅದನ್ನು ತೆರೆಯುವ ಮೊದಲು ಒಂದು ಬಿಳಿ ಹಾಳೆ ತೆಗೆದುಕೊಳ್ಳಿ, ಒಂದೊಂದು ಪ್ರಶ್ನೆಯ ಎದುರಿಗೂ ಬರೆಯಿರಿ: ಉತ್ತರ ‘ಇಲ್ಲ’ ಎಂದು ಬಂದರೆ ಯಾರು, ಯಾವಾಗ, ಏನು ಮಾಡುತ್ತಾರೆ? ಬರೆಯಲಾಗದ ಪ್ರಶ್ನೆಯನ್ನು ಹೊಡೆದುಹಾಕಿ. ಕ್ಯಾಂಟೀನಿನ ಗುತ್ತಿಗೆ ಇನ್ನೆರಡು ವರ್ಷ ಬದಲಾಗುವುದಿಲ್ಲ ಎಂದು ಗೊತ್ತಿದ್ದೂ “ಕ್ಯಾಂಟೀನ್ ಊಟ ಹೇಗಿದೆ?” ಎಂದು ಕೇಳಬಾರದು. ಕೇಳಿದಿರೆಂದರೆ ಸರಿಮಾಡುತ್ತೀರಿ ಎಂದೇ ಜನ ತಿಳಿಯುತ್ತಾರೆ. ಹಾಗೆ ತಿಳಿಯುವುದರಲ್ಲಿ ಅವರ ತಪ್ಪಿಲ್ಲ. ಪಟ್ಟಿ ಉದ್ದವೂ ಆಗಬಾರದು. 2025ರ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯಲ್ಲಿ ನಮ್ಮ ಮೇಷ್ಟ್ರುಗಳು 60 ಪ್ರಶ್ನೆ ಹೊತ್ತು ಮನೆಮನೆ ಸುತ್ತಿದರಲ್ಲ, ಉದ್ದನೆಯ ಪಟ್ಟಿಯ ಮುಂದೆ ಕೇಳುವವರೂ ಹೇಳುವವರೂ ಎಷ್ಟು ದಣಿಯುತ್ತಾರೆಂದು ಅವರನ್ನೇ ಕೇಳಿ ನೋಡಿ. ಅದಾದರೂ ಸರ್ಕಾರದ ಕೆಲಸ, ಒಮ್ಮೆ ಬಂದು ಹೋಗುವಂಥದ್ದು. ಪಾಳಿ ಮುಗಿಸಿ ಮೇಲೆ ಬಂದ ಹಟ್ಟಿ ಚಿನ್ನದ ಗಣಿಯ ಕಾರ್ಮಿಕನನ್ನು ಮನಸ್ಸಿಗೆ ತಂದುಕೊಳ್ಳಿ. ಆ ದಣಿವಿನಲ್ಲಿ ಮೊಬೈಲ್ ಹಿಡಿದು ಅವನು ಎಷ್ಟು ಪ್ರಶ್ನೆಗೆ ಮನಸ್ಸಿಟ್ಟು ಉತ್ತರಿಸಬಲ್ಲ? ನನ್ನ ಎಣಿಕೆಯಲ್ಲಿ ಹತ್ತು. ಹನ್ನೊಂದನೆಯದರಿಂದ ಬರೀ ಬೆರಳು ಒತ್ತುತ್ತದೆ.

ಪ್ರಶ್ನೆ ಬರೆಯುವಾಗ ಆಗುವ ಎಡವಟ್ಟು ಹೇಗಿರುತ್ತದೆ ನೋಡಿ. “ನಿಮ್ಮ ಮೇಲ್ವಿಚಾರಕರು ನಿಮ್ಮನ್ನು ಗೌರವದಿಂದ ಕಂಡು ಸಕಾಲಕ್ಕೆ ರಜೆ ಮಂಜೂರು ಮಾಡುತ್ತಾರೆಯೇ?” ಇಂಥವು ನನ್ನ ಮೇಜಿಗೆ ಎಷ್ಟೋ ಬಂದಿವೆ. ಅಲ್ಲಿರುವುದು ಎರಡು ಪ್ರಶ್ನೆ, ಕೊಟ್ಟಿರುವ ಜಾಗ ಒಂದೇ ಉತ್ತರಕ್ಕೆ. ಮರ್ಯಾದೆಯಿಂದ ಮಾತಾಡಿಸಿ ರಜೆ ಮಾತ್ರ ಕೊಡದವನ ಕೈಕೆಳಗಿರುವವರು ಏನು ಒತ್ತಬೇಕು? ಇನ್ನು ‘ಗೌರವ’ ಎಂದು ಕೇಳಿದರೆ ನಮ್ಮ ಕಡೆಯ ಜನ ಏನೆನ್ನುತ್ತಾರೆ ಎಂದು ನಿಮಗೂ ಗೊತ್ತು. ಸಿಂಧನೂರಿನ ಯಾವ ರೈಸ್ ಮಿಲ್ಲಿಗೆ ಹೋಗಿ ಹಮಾಲರನ್ನು ಕೇಳಿದರೂ “ಎಲ್ಲಾ ಬರೋಬ್ಬರಿ ಐತ್ರಿ ಸಾಹೇಬ್ರ” ಎಂಬ ಉತ್ತರವೇ ಬರುತ್ತದೆ. ಕೇಳಿದವರಿಗೆ ಎದುರಾಡದೆ ಹೂಂ ಎನ್ನುವುದು ಬಡವರು ಕಲಿತ ಜಾಣತನ. ಅದನ್ನು ಸಂತೋಷ ಎಂದು ವರದಿಯಲ್ಲಿ ಬರೆದರೆ ಆ ವರದಿ ಸುಳ್ಳಾಗುತ್ತದೆ. ನಡೆದದ್ದನ್ನು ಕೇಳಿ: “ಹೋದ ತಿಂಗಳ ಓವರ್‌ಟೈಂ ದುಡ್ಡು ಸಂಬಳದ ಜೊತೆಗೇ ಬಂತೇ?” “ಈ ಮೂರು ತಿಂಗಳಲ್ಲಿ ಕೇಳಿದ ರಜೆ ಸಿಗದೆ ಹೋದದ್ದು ಉಂಟೇ?” ಇದಕ್ಕೆ ಉತ್ತರಿಸಲು ಯಾರನ್ನೂ ಹೊಗಳಬೇಕಿಲ್ಲ, ಯಾರನ್ನೂ ತೆಗಳಬೇಕಿಲ್ಲ.

‘ಖಂಡಿತ ಒಪ್ಪುತ್ತೇನೆ’ಯಿಂದ ‘ಖಂಡಿತ ಒಪ್ಪುವುದಿಲ್ಲ’ದವರೆಗಿನ ಐದು ಮೆಟ್ಟಿಲಿನ ಅಳತೆಯನ್ನು ಅಮೆರಿಕದ ರೆನ್ಸಿಸ್ ಲಿಕರ್ಟ್ 1932ರಲ್ಲಿ ಮುಂದಿಟ್ಟ. ಇವತ್ತಿಗೂ ಬಹುತೇಕ ಸರ್ವೆ ಸಾಫ್ಟ್‌ವೇರ್‌ಗಳಲ್ಲಿ ಅದೇ. ಒಳ್ಳೆಯ ಸಾಧನವೇ. ಆದರೆ ಅವನಿಗಿಂತ ನಾಲ್ಕು ವರ್ಷ ಮೊದಲು ಶಿಕಾಗೊ ಪಕ್ಕದ ಹಾಥಾರ್ನ್ ಕಾರ್ಖಾನೆಯಲ್ಲಿ ಕಲಿತ ಪಾಠವನ್ನೂ ಓದಿಕೊಳ್ಳಿ. 1928ರಲ್ಲಿ ಅಲ್ಲಿ ಕಾರ್ಮಿಕರ ಸಂದರ್ಶನ ಶುರುವಾಯಿತು, ಮುಂದಿನ ಎರಡು ಮೂರು ವರ್ಷಗಳಲ್ಲಿ 20 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. ಮೊದಲು ಸಿದ್ಧ ಪ್ರಶ್ನೆಗಳನ್ನೇ ಇಟ್ಟುಕೊಂಡು ಹೋಗಿದ್ದರು. ಸಂದರ್ಶಕರು ಒಂದನ್ನು ಕೇಳಿದರೆ ಕಾರ್ಮಿಕರು ತಮಗೆ ಮುಖ್ಯವಾದ ಬೇರೇನನ್ನೋ ಹೇಳತೊಡಗುತ್ತಿದ್ದರು. ಕೊನೆಗೆ ಪ್ರಶ್ನೆಪಟ್ಟಿ ಬದಿಗಿಟ್ಟು, ಅವರು ಹೇಳಿದ್ದನ್ನು ಕೇಳಿಸಿಕೊಳ್ಳಲು ಕೂತರು. ಆದ್ದರಿಂದ ಫಾರಂ ಮಾಡುವ ಮೊದಲು ನಾಲ್ಕು ದಿನ ಜನರ ನಡುವೆ ಚಹಾ ಕುಡಿಯಿರಿ. ಏನು ಕೇಳಬೇಕೆಂದು ಅಲ್ಲಿ ಗೊತ್ತಾಗುತ್ತದೆ. ಫಾರಂ ಮಾಡಿದ ಮೇಲೆ ಅದನ್ನು ಒಬ್ಬ ಸೆಕ್ಯುರಿಟಿಯವರಿಗೆ, ಒಬ್ಬ ಕಸಗುಡಿಸುವವರಿಗೆ ಗಟ್ಟಿಯಾಗಿ ಓದಿ ಹೇಳಿ. ಅವರು “ಅಂದ್ರ?” ಎಂದ ಕಡೆಯೆಲ್ಲ ತಿದ್ದಿ. ಕನ್ನಡ, ತೆಲುಗು, ಉರ್ದು, ಲಂಬಾಣಿ, ಪುನರ್ವಸತಿ ಕ್ಯಾಂಪುಗಳ ಬಂಗಾಳಿ, ಇಷ್ಟನ್ನೂ ಒಂದೇ ಸಂತೆಯಲ್ಲಿ ಕೇಳಿ ಬೆಳೆದ ಸಿಂಧನೂರು ಸೀಮೆಯವರು ನೀವು. ಇಂಗ್ಲಿಷ್ ಒಂದರಲ್ಲೇ ಫಾರಂ ಕಳಿಸುವುದು ನಿಮಗೆ ಸಲ್ಲದು.

ಇನ್ನು ನನ್ನ ನಿದ್ದೆಗೆಡಿಸುವ ಸಂಗತಿಗೆ ಬರುತ್ತೇನೆ. ಫಾರಂ ಮೇಲೆ “ನಿಮ್ಮ ಹೆಸರು ಗುಟ್ಟಾಗಿರುತ್ತದೆ” ಎಂದು ಬರೆಯುತ್ತೀರಿ. ಆ ಒಂದು ಸಾಲನ್ನು ನಂಬಿ ಬರೆಯುವವರ ಅನ್ನ ನಿಮ್ಮ ಕೈಯಲ್ಲಿರುತ್ತದೆ. ನಾನು ಕಂಡ ಒಂದು ಕಾರ್ಖಾನೆಯಲ್ಲಿ ಹೀಗಾಯಿತು: ಹೆಸರು ಕೇಳಿರಲಿಲ್ಲ, ಆದರೆ ವಿಭಾಗ, ಪಾಳಿ, ಗಂಡೋ ಹೆಣ್ಣೋ, ವಯಸ್ಸು, ಸೇವೆಯ ವರ್ಷ ಎಲ್ಲ ಕೇಳಿದ್ದರು. ವರದಿ ಬಂದ ದಿನ ಒಬ್ಬ ಮ್ಯಾನೇಜರ್ ಪರದೆಯ ಮೇಲೆ ಒಂದೊಂದೇ ಸೋಸುತ್ತ ಹೋದ. ರಾತ್ರಿ ಪಾಳಿ, ಪ್ಯಾಕಿಂಗ್, ಹೆಣ್ಣುಮಕ್ಕಳು, ಐದು ವರ್ಷ ಮೇಲ್ಪಟ್ಟ ಸೇವೆ. ಉಳಿದದ್ದು ಒಬ್ಬಾಕೆ. ಆಕೆ ಬರೆದದ್ದು ನೀರಿನ ವ್ಯವಸ್ಥೆ ಸರಿಯಿಲ್ಲ ಎಂಬ ನ್ಯಾಯವಾದ ಮಾತು. ಮುಂದಿನ ತಿಂಗಳು ಆಕೆಯ ಪಾಳಿ ಬದಲಾಯಿತು, ಬಸ್ಸಿಲ್ಲದ ಹೊತ್ತಿಗೆ. ಆಮೇಲಿನ ಸರ್ವೆಗಳಲ್ಲಿ ಆ ವಿಭಾಗದಿಂದ ಒಂದು ದೂರೂ ಬರಲಿಲ್ಲ. ಅದನ್ನು ಸುಧಾರಣೆ ಎಂದು ಲೆಕ್ಕ ಹಾಕಿದರು.

ಹೀಗಾಗದಂತೆ ಕಾಯುವುದು ಸಾಫ್ಟ್‌ವೇರ್ ಕೆಲಸವಲ್ಲ, ನಿಮ್ಮದು. ಸೆಟ್ಟಿಂಗ್ ಒಂದೊಂದನ್ನೂ ನೀವೇ ತೆರೆದು ನೋಡಿ. ಗೂಗಲ್ ಫಾರ್ಮ್ಸ್‌ನಲ್ಲಿ ಇಮೇಲ್ ಸಂಗ್ರಹಿಸುವ ಆಯ್ಕೆ ಚಾಲೂ ಇದ್ದರೆ ನಿಮ್ಮ ಮಾತು ಅಲ್ಲಿಗೇ ಮುರಿಯಿತು. ಐವರಿಗಿಂತ ಕಡಿಮೆ ಜನರಿರುವ ಗುಂಪಿನ ಫಲಿತಾಂಶ ಯಾರಿಗೂ ಕಾಣದಂತೆ ಮುಚ್ಚಿ. ಅಷ್ಟೇ ಸಾಲದು. 12 ಜನರ ವಿಭಾಗದ ಸರಾಸರಿ 3.5, ಅಂದರೆ ಒಟ್ಟು 42. ಅದರಲ್ಲಿರುವ 11 ಗಂಡಸರ ಸರಾಸರಿ 3.73, ಒಟ್ಟು 41. ಎರಡನ್ನೂ ಕೊಟ್ಟಿರಾದರೆ ಉಳಿದ ಒಬ್ಬ ಹೆಣ್ಣುಮಗಳು 1 ಅಂಕ ಕೊಟ್ಟಳೆಂದು ಕಳೆಯುವ ಲೆಕ್ಕ ಬಲ್ಲ ಯಾರಾದರೂ ಹೇಳಬಲ್ಲರು. ಮೇಲ್ವಿಚಾರಕನ ಮೊಬೈಲಿನಲ್ಲಿ, ಅವನ ಎದುರಿಗೇ ಫಾರಂ ತುಂಬಿಸುವುದನ್ನು ನಿಲ್ಲಿಸಿ. ಬರೆಯುವ ಜಾಗದಲ್ಲಿ ಬಂದ ಮಾತನ್ನು ಹಾಗೆಹಾಗೇ ಮೇಲಕ್ಕೆ ಕಳಿಸಬೇಡಿ. ಮಾತಿನ ಧಾಟಿಯಿಂದಲೇ ಆಳನ್ನು ಗುರುತಿಸುವವರು ಇರುತ್ತಾರೆ. ಲೈಂಗಿಕ ಕಿರುಕುಳದಂಥ ದೂರಿಗೆ ಸರ್ವೆ ಜಾಗವಲ್ಲ. ಅದರ ತಡೆಗಾಗಿ ಇರುವ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಸಮಿತಿಯವರ ಹೆಸರು, ಫೋನ್ ನಂಬರನ್ನು ಫಾರಂನಲ್ಲೇ ಅಚ್ಚು ಹಾಕಿ. ಇವೆಲ್ಲ ಮಾಡಲಾಗದಿದ್ದರೆ ಗುಟ್ಟಾಗಿರುತ್ತದೆ ಎಂಬ ಸಾಲನ್ನೇ ತೆಗೆದುಹಾಕಿ. ಆಗ ಜನ ತಮ್ಮ ಜಾಗ್ರತೆ ತಾವು ನೋಡಿಕೊಳ್ಳುತ್ತಾರೆ.

ಸರಾಸರಿಯ ಬಗ್ಗೆ ನಮ್ಮ ರೈತರಿಗೆ ಯಾವ ಪ್ರೊಫೆಸರರೂ ಕಲಿಸಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ 227 ಕಿ.ಮೀ. ಉದ್ದ. ಮೇಲ್ಭಾಗದಲ್ಲಿ ನೀರು ತುಂಬಿ ಹರಿಯುತ್ತಿದ್ದರೂ 104ನೇ ಮೈಲಿನ ನೀರಳೆಯುವ ಗೇಜ್ ಏನು ಹೇಳುತ್ತದೆ ಎಂದೇ ಕೆಳಭಾಗದವರು ಕೇಳುವುದು. ನೌಕರರ ಸರ್ವೆಯೂ ಹಾಗೇ. ನೂರು ಜನರಲ್ಲಿ 80 ಜನ 4 ಅಂಕ, 20 ಜನ 1 ಅಂಕ ಕೊಟ್ಟರೆ ಸರಾಸರಿ 3.4. ಡ್ಯಾಶ್‌ಬೋರ್ಡಿನಲ್ಲಿ ‘ಪರವಾಗಿಲ್ಲ’ ಎನ್ನುವ ಬಣ್ಣ ಬರುತ್ತದೆ. ಆ 20 ಜನ ಯಾವ ಕೊನೆಯಲ್ಲಿದ್ದಾರೆ, ಎಲ್ಲರೂ ಗುತ್ತಿಗೆಯವರೇ, ಎಲ್ಲರೂ ಒಬ್ಬನ ಕೈಕೆಳಗಿನವರೇ, ಅದನ್ನು ಹುಡುಕಿ. ಉತ್ತರವನ್ನೇ ಕೊಡದವರ ಸಂಖ್ಯೆಯನ್ನೂ ವರದಿಯಲ್ಲಿ ಬರೆಯಿರಿ. ಬಾಯಿಬಿಡಲು ಹೆದರಿದವರು ಅಲ್ಲೂ ಇರಬಹುದು.

ನೌಕರರ ಕೆಲಸದ ಮೌಲ್ಯಮಾಪನದ ಪ್ರಶ್ನಾವಳಿಯ ದಾರಿ ಬೇರೆ. ಅಲ್ಲಿ ಹೆಸರು ಇದ್ದೇ ಇರುತ್ತದೆ. ಸರ್ಕಾರಿ ನೌಕರರಿರುವ ಮನೆಯವರಿಗೆ ಗೌಪ್ಯ ವರದಿ ಎಂದರೆ ಗೊತ್ತು. ಸಾಹೇಬರು ಏನು ಬರೆದರೋ, ಬಡ್ತಿ ತಪ್ಪಿದ ದಿನವೇ ತಿಳಿಯುತ್ತಿತ್ತು. ಗಡಿ ರಸ್ತೆ ಸೇವೆಯ ಎಂಜಿನಿಯರ್ ದೇವ್ ದತ್ತ್ ಅವರ ಮೊಕದ್ದಮೆ ಓದಿ. ಬಡ್ತಿಗೆ ಐದು ವರ್ಷವೂ ‘ಅತ್ಯುತ್ತಮ’ ಬೇಕಿತ್ತು. ಒಂದು ವರ್ಷ ‘ಉತ್ತಮ’ ಎಂದು ಬರೆದಿದ್ದರು. ‘ಉತ್ತಮ’ ಎಂಬುದು ಕೆಟ್ಟ ಮಾತಲ್ಲವಲ್ಲ ಎಂದುಕೊಂಡು ಯಾರೂ ಅದನ್ನು ಅವರಿಗೆ ತಿಳಿಸಲಿಲ್ಲ, ಬಡ್ತಿ ಹೋಯಿತು. 2008ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು: ಒಳ್ಳೆಯದಿರಲಿ, ಕೆಟ್ಟದಿರಲಿ, ವರದಿಯ ಪ್ರತಿ ಷರಾವನ್ನೂ ನೌಕರನಿಗೆ ತಿಳಿಸಬೇಕು. ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರು. ಸರ್ಕಾರಿ ಸೇವೆಗೆ ಹೇಳಿದ ಈ ನ್ಯಾಯವನ್ನು ನಿಮ್ಮ ಖಾಸಗಿ ಕಂಪನಿಯ ಫಾರಂಗೂ ತನ್ನಿ. ಮೇಲಧಿಕಾರಿ ಕೊಟ್ಟ ಅಂಕ, ಅದಕ್ಕೆ ಕಾರಣವಾದ ಒಂದು ನಿಜವಾದ ಘಟನೆ, ನೌಕರ ತನ್ನ ಮಾತು ಬರೆಯಲು ಒಂದು ಜಾಗ, ಈ ಮೂರೂ ಇಲ್ಲದೆ ಫಾರಂ ಸಲ್ಲಿಕೆಯಾಗದಂತೆ ಮಾಡಿ. ಘಟನೆಯ ಜಾಗವನ್ನು ಖಾಲಿ ಬಿಟ್ಟರೆ ಮುಂದಕ್ಕೆ ಹೋಗದ ಹಾಗೆ ಸಾಫ್ಟ್‌ವೇರ್‌ನಲ್ಲಿ ಒಂದು ಗುರುತು ಹಾಕಿದರೆ ಸಾಕು.

ಮತ್ತೆ ಸರ್ವೆಗೆ ಬರೋಣ. ಮಸ್ಕಿಯ ಬಂಡೆಯ ಶಾಸನದಲ್ಲಿ ಅಶೋಕನ ಹೆಸರಿದೆ ಎಂದು ಶಾಲೆಯಲ್ಲಿ ಕಲಿತಿದ್ದೀರಿ. ಅದರಲ್ಲಿ ಹೇಳಿದ್ದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎಂಬ ಅಪ್ಪಣೆಯೂ ಅಲ್ಲೇ ಇದೆ. ನಮ್ಮ ಕಂಪನಿಗಳಲ್ಲಿ ಸರ್ವೆಯ ಫಲಿತಾಂಶ ದೊಡ್ಡವರಿಗೆ ಮಾತ್ರ ಹೋಗುತ್ತದೆ. ಒಂದು ತಿಂಗಳೊಳಗೆ ನೋಟಿಸ್ ಬೋರ್ಡಿನಲ್ಲಿ, ಜನ ಓದುವ ಭಾಷೆಯಲ್ಲಿ, ಒಂದೇ ಹಾಳೆ ಅಂಟಿಸಿ: ನೀವು ಹೇಳಿದ್ದು ಇದು, ಮಾಡುವುದು ಇದು, ಇಂಥ ತಾರೀಕಿನೊಳಗೆ. ಮಾಡಲಾಗದ್ದು ಇದು, ಕಾರಣ ಇದು.

ಮೇಲಿನವರು ಆ ಹಾಳೆಗೆ ಒಪ್ಪುವುದಿಲ್ಲ ಎಂದು ಮೊದಲೇ ಗೊತ್ತಾದರೆ, ಆ ಸಲ ಸರ್ವೆ ಬೇಡ ಎಂದು ಇಮೇಲಿನಲ್ಲೇ ಬರೆದು ತಿಳಿಸಿ. ಹೊಸಬರಿಗೆ ಅದು ಕಷ್ಟ, ಬಲ್ಲೆ. ಆದರೂ ಬರೆಯಿರಿ. ನಿಮ್ಮ ಅಪ್ಪ, ಚಿಕ್ಕಪ್ಪ ಇಂಥ ಯಾವುದೋ ಫಾರಂಗೆ ಹೆಬ್ಬೆಟ್ಟು ಒತ್ತಿರುತ್ತಾರೆ, ಅದಕ್ಕೆ ಏನಾಯಿತೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ನಿಮ್ಮ ಫಾರಂ ತುಂಬಿದವರಿಗಾದರೂ ಹೇಳಿ.