ಪ್ರಸಾರ ಗೋಪುರದ ಕೆಲಸ ಮತ್ತು ದೇಹದ ಆರೋಗ್ಯ

ರೇಡಾರ್ ಹಾಗೂ ಪ್ರಸಾರ ಗೋಪುರಗಳ ಆಂಟೆನಾ ದುರಸ್ತಿಯಲ್ಲಿ ತೊಡಗಿರುವ ಓದುಗರ, ಈ ಕೆಲಸದಿಂದ ದೇಹಕ್ಕೆ ಹಾನಿಯಿದೆಯೇ ಎಂಬ ಪ್ರಶ್ನೆಗೆ ನೇರ ಉತ್ತರವೆಂದರೆ, ಪ್ರಬಲವಾದ ರೇಡಿಯೊ ಮತ್ತು ಮೈಕ್ರೋವೇವ್ ವಿಕಿರಣ ದೇಹಕ್ಕೆ ಹಾನಿ ಮಾಡಬಲ್ಲದು, ಆದರೆ ಆ ಹಾನಿ ಎಕ್ಸ್-ಕಿರಣಗಳ ಬಗೆಯದಲ್ಲ. ಈ ಅಲೆಗಳ ಫೋಟಾನುಗಳಿಗೆ, ಅಂದರೆ ಶಕ್ತಿಯ ಕಣಗಳಿಗೆ, ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ತೆಗೆಯುವ ಬಲವಿಲ್ಲ. ಅವು ಅಂಗಾಂಶದ ನೀರಿನ ಅಣುಗಳನ್ನು ಅಲುಗಾಡಿಸಿ ಶಾಖ ಹುಟ್ಟಿಸುತ್ತವೆ. ಆ ಶಾಖವನ್ನು ಹೊತ್ತೊಯ್ಯುವುದು ರಕ್ತವಾದ್ದರಿಂದ, ರಕ್ತನಾಳಗಳೇ ಇಲ್ಲದ ಕಣ್ಣಿನ ಮಸೂರಕ್ಕೆ ಅಪಾಯ ಹೆಚ್ಚು. ತೀವ್ರ ಮೈಕ್ರೋವೇವ್‌ಗೆ ಒಡ್ಡಿದ ಮೊಲಗಳ ಕಣ್ಣಿನಲ್ಲಿ ಪೊರೆ ಬೆಳೆದುದು ಪ್ರಯೋಗಗಳಲ್ಲಿ ಕಂಡಿದೆ.

ದೇಹದ ಪ್ರತಿ ಕಿಲೋಗ್ರಾಂ ಎಷ್ಟು ವ್ಯಾಟ್ ಹೀರುತ್ತದೆ ಎಂಬ ಅಳತೆಗೆ ನಿರ್ದಿಷ್ಟ ಹೀರಿಕೆ ದರವೆಂದು ಹೆಸರು. ಇಡೀ ದೇಹದ ಸರಾಸರಿ ದರ 4 ಆದಾಗ ಒಳತಾಪ ಸುಮಾರು 1 ಡಿಗ್ರಿ ಸೆಲ್ಸಿಯಸ್ ಏರಬಹುದೆಂಬ ಲೆಕ್ಕದ ಮೇಲೆ, ಅಂತರರಾಷ್ಟ್ರೀಯ ಮಾರ್ಗಸೂಚಿಯು ಕೆಲಸಗಾರರಿಗೆ 0.4, ಸಾರ್ವಜನಿಕರಿಗೆ 0.08 ಎಂಬ ಮಿತಿಯನ್ನು ಇಟ್ಟಿದೆ. ಕ್ಯಾನ್ಸರ್ ವಿಷಯ ಇಷ್ಟು ಖಚಿತವಲ್ಲ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2011ರಲ್ಲಿ ಈ ವಿಕಿರಣವನ್ನು ‘ಕ್ಯಾನ್ಸರ್ ಕಾರಕವಾಗಿರುವ ಸಾಧ್ಯತೆಯಿದೆ’ ಎಂಬ 2ಬಿ ಗುಂಪಿಗೆ ಸೇರಿಸಿತು, ಈ ವರ್ಗೀಕರಣ ಸೀಮಿತ ಪುರಾವೆಯನ್ನಷ್ಟೇ ಸೂಚಿಸುತ್ತದೆ.

ಗೋಪುರದಿಂದ ದೂರ ಸರಿದಂತೆ ತೀವ್ರತೆ ಬೇಗನೆ ಕುಸಿಯುವುದರಿಂದ, ಕಾಳಜಿ ಬೇಕಾದುದು ಕೆಳಗಿನ ಮನೆಯವರಿಗಿಂತ ಮೇಲೇರುವವರಿಗೆ. ಆದ್ದರಿಂದ ಓದುಗರು ಪ್ರಸಾರಕವನ್ನು ಆರಿಸಿ, ಸ್ವಿಚ್ಚಿಗೆ ಬೀಗ ಹಾಕಿಸಿದ ಮೇಲಷ್ಟೇ ಆಂಟೆನಾದ ಬಳಿಗೆ ಹೋಗಬೇಕು. ಹೃದಯದ ಪೇಸ್‌ಮೇಕರ್ ಇದ್ದರೆ ವೈದ್ಯರನ್ನು ಕೇಳದೆ ಈ ಕೆಲಸಕ್ಕೆ ಇಳಿಯಬಾರದು.