ಎದುರಿಗಿರುವವರನ್ನು ಮೊದಲು ಓದಿ: ‘ಅಂಡರ್‌ಟೇಲ್’ ಆಡುವವರಿಗೆ ಎಂಟು ಪಾಠಗಳು

2015ರ ಸೆಪ್ಟೆಂಬರ್‌ನಲ್ಲಿ ಬಂದ ‘ಅಂಡರ್‌ಟೇಲ್’ ನೋಡುವುದಕ್ಕೆ ಅದಕ್ಕಿಂತ ಇಪ್ಪತ್ತು ವರ್ಷ ಹಳೆಯ ಆಟದಂತಿದೆ. ದಪ್ಪ ದಪ್ಪ ಪಿಕ್ಸೆಲ್‌ಗಳು, ಬಹುಮಟ್ಟಿಗೆ ಕಪ್ಪುಬಿಳುಪಿನ ಕದನದ ಪರದೆ, ಟಕಟಕನೆ ಮೂಡುವ ಅಕ್ಷರಗಳು. ಕಥೆ, ಸಂಗೀತ, ಪ್ರೋಗ್ರಾಮಿಂಗ್‌ನ ಬಹುಪಾಲನ್ನು ಅಮೆರಿಕದ ಟೋಬಿ ಫಾಕ್ಸ್ ಒಬ್ಬರೇ ಹೊತ್ತರು. ಚಿತ್ರಗಳಿಗೆ ಟೆಮ್ಮಿ ಚಾಂಗ್ ಜೊತೆಯಾದರು. 2013ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಫಾಕ್ಸ್ ಕೇಳಿದ್ದು 5,000 ಡಾಲರ್. ಜನ ಕೊಟ್ಟದ್ದು 51,000 ಡಾಲರಿಗೂ ಹೆಚ್ಚು.

ರಾಕ್ಷಸರನ್ನು ಕೂಡಿಹಾಕಿರುವ ಭೂಗರ್ಭದ ಲೋಕಕ್ಕೆ ಒಂದು ಮನುಷ್ಯರ ಮಗು ಬೀಳುತ್ತದೆ. ಅಲ್ಲಿಂದ ಹೊರಬರುವ ದಾರಿ ಹುಡುಕುವುದೇ ಕಥೆ. ಹೊರಗಿನಿಂದ ಇದು ಆರ್‌ಪಿಜಿ. ಒಳಹೊಕ್ಕರೆ ಬುಲೆಟ್ ಹೆಲ್, ಪ್ಲಾಟ್‌ಫಾರ್ಮರ್, ರಿದಮ್ ಗೇಮ್, ಶೂಟರ್, ಒಗಟು, ಕ್ವಿಜ್ ಶೋ, ಡೇಟಿಂಗ್ ಸಿಮ್ ಎಲ್ಲವೂ ಇವೆ. ಇದನ್ನು ನಾನು ಮತ್ತೆ ಮತ್ತೆ ಆಡಿದ್ದೇನೆ, ಹೊಸಬರ ಪಕ್ಕದಲ್ಲಿ ಕೂತು ಆಡಿಸಿದ್ದೇನೆ. ಆ ಅನುಭವದಿಂದ ದಕ್ಕಿದ ಪಾಠಗಳು ಇವು. ಕೊನೆಯಲ್ಲಿ ಏನಾಗುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

1. ಮೊದಲ ಸರದಿಯನ್ನು ನೋಡುವುದಕ್ಕೆ ಮೀಸಲಿಡಿ

ಕದನ ಶುರುವಾದಾಗ ಪರದೆಯ ಕೆಳಗೆ ನಾಲ್ಕು ಬಟನ್‌ಗಳು ಕಾಣುತ್ತವೆ: ಫೈಟ್, ಆಕ್ಟ್, ಐಟಂ, ಮರ್ಸಿ. ನಿಮ್ಮ ಸರದಿ ಹಳೆಯ ಆರ್‌ಪಿಜಿಗಳಂತೆ ನಿಧಾನವಾಗಿ, ಯೋಚಿಸಿ ಆಡುವಂಥದ್ದು. ಎದುರಾಳಿಯ ಸರದಿ ಬಂತೆಂದರೆ ಒಂದು ಚೌಕ ತೆರೆದುಕೊಳ್ಳುತ್ತದೆ, ಅದರೊಳಗೆ ನಿಮ್ಮ ಜೀವವೇ ಆದ ಪುಟ್ಟ ಕೆಂಪು ಹೃದಯ. ಎಲ್ಲೆಡೆಯಿಂದ ಎರಗುವ ಗುಂಡುಗಳ ನಡುವೆ ಅದನ್ನು ಉಳಿಸಿಕೊಳ್ಳಬೇಕು. ಜಪಾನಿನ ‘ಮದರ್’ ಆಟಗಳ ಮಮತೆ, ‘ಟೋಹೋ’ ಆಟಗಳ ಗುಂಡಿನ ಮಳೆ ಇಲ್ಲಿ ಒಂದೇ ಪರದೆಗೆ ಬಂದಿವೆ.

ಹೊಸ ರಾಕ್ಷಸ ಎದುರಾದರೆ ಮೊದಲು ಆಕ್ಟ್ ಒತ್ತಿ, ‘ಚೆಕ್’ ಆರಿಸಿ. ಅವನ ಸ್ವಭಾವದ ಬಗ್ಗೆ ಒಂದೆರಡು ಸಾಲು ಸಿಗುತ್ತದೆ. ಆಮೇಲೆ ಬರುವ ದಾಳಿಯ ವಿನ್ಯಾಸವನ್ನು ಗಮನಿಸಿ. ಗಾಬರಿಯಿಂದ ಮೂಲೆಗೆ ಓಡಿದರೆ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಚೌಕದ ನಡುಭಾಗದಲ್ಲಿದ್ದು ಸ್ವಲ್ಪ ಸ್ವಲ್ಪವೇ ಸರಿಯುವವರು ಹೆಚ್ಚು ಹೊತ್ತು ಬಾಳುತ್ತಾರೆ.

2. ಹೊಡೆಯದೆ ಗೆಲ್ಲುವುದೂ ಒಂದು ವಿದ್ಯೆ

ಈ ಆಟದಲ್ಲಿ ಯಾರನ್ನೂ ಕೊಲ್ಲದೆ ಕೊನೆ ಮುಟ್ಟಬಹುದು. ಹಾಗಂತ ಅದು ಸುಲಭದ ದಾರಿಯಲ್ಲ. ಕೊಂದರಷ್ಟೇ ಲೆವೆಲ್ ಏರುತ್ತದೆ, ಎಚ್‌ಪಿ (ಜೀವಬಲ) ಹೆಚ್ಚುತ್ತದೆ. ಕೊಲ್ಲದವರಿಗೆ ಕೊನೆಯವರೆಗೂ ಆರಂಭದ 20 ಎಚ್‌ಪಿಯೇ ಗತಿ.

ಪ್ರತಿ ರಾಕ್ಷಸನಿಗೂ ಒಂದು ಆಸೆಯೋ ಅಳುಕೋ ಇದೆ. ನಾಯಿಗಳಿಗೆ ಮೈ ಸವರಿಸಿಕೊಳ್ಳುವ ಆಸೆ. ನ್ಯಾಪ್‌ಸ್ಟಾಬ್ಲುಕ್ ಎಂಬ ಅಳುಬುರುಕ ದೆವ್ವಕ್ಕೆ ಸಮಾಧಾನದ ಮಾತು ಬೇಕು. ಶೈರನ್ ನಾಚಿಕೆಯ ಹಾಡುಗಾರ್ತಿ; ನೀವು ಗುನುಗಿದರೆ ಅವಳೂ ದನಿಗೂಡಿಸುತ್ತಾಳೆ. ತರಕಾರಿ ರೂಪದ ವೆಜಿಟಾಯ್ಡ್ ಎಸೆಯುವ ಹಸಿರು ತುಂಡನ್ನು ತಪ್ಪಿಸಿಕೊಳ್ಳದೆ ತಿಂದರೆ ಅವನಿಗೆ ತೃಪ್ತಿ. ಸರಿಯಾದ ಆಕ್ಟ್ ಸಿಕ್ಕಾಗ ರಾಕ್ಷಸನ ಹೆಸರು ಹಳದಿಯಾಗುತ್ತದೆ. ಆಗ ಮರ್ಸಿ ಒತ್ತಿದರೆ ಕದನ ಮುಗಿಯಿತು. ಇಲ್ಲಿ ಹೊಟ್ಟೆ ತುಂಬಿಸುವುದು, ಹಾಡುವುದು, ಮೈದಡವುವುದು ಎಲ್ಲವೂ ಯುದ್ಧತಂತ್ರವೇ.

3. ಹೃದಯದ ಬಣ್ಣ ಬದಲಾದರೆ ಕೈಯ ಅಭ್ಯಾಸವನ್ನೂ ಬದಲಿಸಿ

ಆಟದ ಪ್ರಕಾರ ಬದಲಾಗುವ ಸೂಚನೆ ಹೃದಯದ ಬಣ್ಣದಲ್ಲಿದೆ. ಕೆಂಪಾಗಿದ್ದರೆ ಎಲ್ಲ ದಿಕ್ಕಿಗೂ ಓಡಾಡಬಹುದು. ನೀಲಿಯಾದರೆ ಗುರುತ್ವಾಕರ್ಷಣೆ ಬರುತ್ತದೆ. ಇನ್ನು ಇದು ಮಾರಿಯೋ ಥರದ ಜಿಗಿಯುವ ಆಟ. ಹಸಿರಾದರೆ ನಿಂತಲ್ಲೇ ನಿಂತು, ಬಾಣ ಬರುವ ದಿಕ್ಕಿಗೆ ಗುರಾಣಿ ತಿರುಗಿಸಬೇಕು; ಇದು ಲಯದ ಆಟ. ನೇರಳೆಯಾದರೆ ಮೂರು ಎಳೆಗಳ ಮೇಲಷ್ಟೇ ಚಲನೆ. ಹಳದಿಯಾದರೆ ನೀವೂ ಗುಂಡು ಹಾರಿಸಬಹುದು.

ಬಣ್ಣ ಬದಲಾದ ಮೊದಲ ಸರದಿಯಲ್ಲಿ ಸ್ವಲ್ಪ ಪೆಟ್ಟು ಬಿದ್ದರೂ ಚಿಂತೆಯಿಲ್ಲ, ಹೊಸ ನಿಯಮವನ್ನು ಬೆರಳಿಗೆ ಕಲಿಸಿ. ಹಸಿರು ಹೃದಯದ ಹೊತ್ತಿನಲ್ಲಿ ತೀರಾ ಹತ್ತಿರದ ಬಾಣವನ್ನು ಮಾತ್ರ ನೋಡಿ. ಹಳದಿ ಬಾಣ ಕಂಡರೆ ಎಚ್ಚರ, ಅದು ಬಂದ ದಿಕ್ಕಿನಿಂದ ಹೊಡೆಯದೆ ಎದುರು ದಿಕ್ಕಿಗೆ ಹಾರಿ ಹೊಡೆಯುತ್ತದೆ. ನೀಲಿ ಬಣ್ಣದ ದಾಳಿ ಹಾದುಹೋಗುವಾಗ ಅಲುಗಾಡದೆ ನಿಂತರೆ ಏನೂ ಆಗುವುದಿಲ್ಲ. ಕಿತ್ತಳೆ ಬಣ್ಣದ್ದಾದರೆ ಚಲಿಸುತ್ತಲೇ ಇರಬೇಕು.

4. ಪ್ರತಿ ನಿಯಮಕ್ಕೂ ಒಬ್ಬ ಒಡೆಯನಿದ್ದಾನೆ

ನನಗೆ ಅತಿ ಮುಖ್ಯವೆನಿಸುವ ಪಾಠ ಇದು. ‘ಅಂಡರ್‌ಟೇಲ್’ ಇಷ್ಟೊಂದು ಪ್ರಕಾರಗಳನ್ನು ಚಪಲಕ್ಕೆ ಬೆರೆಸಿಲ್ಲ. ಒಂದೊಂದು ಪ್ರಕಾರವೂ ಒಂದೊಂದು ಪಾತ್ರದ ಸ್ವಭಾವದಿಂದಲೇ ಹುಟ್ಟಿದೆ.

ಸೈನಿಕಳಾದ ಅಂಡೈನ್ ನಿಮ್ಮ ಹೃದಯವನ್ನು ಹಸಿರಾಗಿಸುತ್ತಾಳೆ. ಅಪಾಯಕ್ಕೆ ಬೆನ್ನು ತೋರಿಸದೆ ಎದುರಿಸಿ ನಿಲ್ಲಬೇಕೆಂಬುದು ಅವಳ ಧರ್ಮ, ಆದ್ದರಿಂದ ನಿಮಗೂ ಕದಲಲು ಬಿಡುವುದಿಲ್ಲ. ಜೇಡಗಳ ಒಡತಿ ಮಫೆಟ್‌ಳ ಮೂರು ಎಳೆಗಳು ಅವಳ ಬಲೆಯೇ. ಮೆಟಟಾನ್ ಟಿವಿ ತಾರೆಯಾದ ರೋಬೋ. ಅವನ ಹಾದಿಯುದ್ದಕ್ಕೂ ಕ್ವಿಜ್, ಅಡುಗೆ ಕಾರ್ಯಕ್ರಮ, ಬಾಂಬ್ ಹುಡುಕುವ ನೇರ ವರದಿ, ಸಂಗೀತ ನಾಟಕ ಬರುತ್ತವೆ. ಕೊನೆಯ ಕದನದಲ್ಲಿ ಅವನ ಎಚ್‌ಪಿಗಿಂತ ಕಾರ್ಯಕ್ರಮದ ರೇಟಿಂಗ್ ದೊಡ್ಡದು. ಪೋಸು ಕೊಡುತ್ತ, ಜಂಬ ಕೊಚ್ಚುತ್ತ ಅದನ್ನು 10,000ಕ್ಕೆ ಮುಟ್ಟಿಸಿದರೆ ಯಾರನ್ನೂ ಕೊಲ್ಲದೆ ಮುಂದೆ ಹೋಗಬಹುದು. ಮೆಚ್ಚುಗೆಗೆ ಹಂಬಲಿಸುವ ಅಸ್ಥಿಪಂಜರ ಪ್ಯಾಪೈರಸ್ ಜೊತೆಗಿನ ಸ್ನೇಹ ಡೇಟಿಂಗ್ ಸಿಮ್ ಆಗುತ್ತದೆ.

ತೋರಿಯಲ್‌ಳನ್ನೇ ನೋಡಿ. ತಾಯಿಯಂತೆ ಕೈಹಿಡಿದು ನಡೆಸಿದವಳು, ಹೊರಗೆ ನಿಮಗೆ ಸಾವು ಕಾದಿದೆ ಎಂದು ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ನಿಮ್ಮ ಎಚ್‌ಪಿ ತೀರಾ ಇಳಿದಾಗ ಅವಳ ಬೆಂಕಿಯುಂಡೆಗಳು ನಿಮ್ಮನ್ನು ಬಿಟ್ಟು ಪಕ್ಕಕ್ಕೆ ಸರಿಯುತ್ತವೆ. ಅವಳ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಗುಂಡುಗಳೇ ಹೇಳಿದ ಮೇಲೆ ಮಾತಿನ ಅಗತ್ಯವಿಲ್ಲ. ಏನೂ ಬದಲಾಗದಂತೆ ಕಂಡರೂ ಮರ್ಸಿ ಒತ್ತುತ್ತಲೇ ಇರಿ.

5. ಎಂಟೇ ಜಾಗ, ನೋಡಿ ತುಂಬಿಕೊಳ್ಳಿ

ಜೊತೆಗೊಯ್ಯಬಹುದಾದದ್ದು ಎಂಟು ವಸ್ತುಗಳನ್ನು ಮಾತ್ರ. ಕೊಲ್ಲದೆ ಆಡುವವರು ಆಯುಧಕ್ಕಿಂತ ಆಹಾರಕ್ಕೆ ಜಾಗ ಕೊಡಲಿ. ವಾಟರ್‌ಫಾಲ್ ಎಂಬ ಪ್ರದೇಶದಲ್ಲಿ ಆಮೆ ಗರ್ಸನ್‌ನ ಅಂಗಡಿಯ ಕನ್ನಡಕ, ಹರಿದ ನೋಟ್‌ಬುಕ್ ಹೆಚ್ಚು ಕೆಲಸಕ್ಕೆ ಬರುತ್ತವೆ. ಪೆಟ್ಟು ಬಿದ್ದ ಮೇಲೆ ಮತ್ತೆ ಪೆಟ್ಟು ತಾಗದ ಕ್ಷಣವನ್ನು ಅವು ಹಿಗ್ಗಿಸುತ್ತವೆ.

ವಸ್ತುಗಳಿಗೂ ಸಂಬಂಧಗಳಿವೆ. ಆರಂಭದ ರೂಯಿನ್ಸ್‌ನಲ್ಲಿ ಜೇಡಗಳು ತಿಂಡಿ ಮಾರುತ್ತಿರುತ್ತವೆ. ಅಲ್ಲಿ ಕೊಂಡ ಡೋನಟ್ ಅನ್ನು ತಿನ್ನದೆ ಇಟ್ಟುಕೊಂಡು, ಬಹಳ ಮುಂದೆ ಮಫೆಟ್ ಜೊತೆಗಿನ ಕದನದಲ್ಲಿ ತಿನ್ನಿ. ತನ್ನವರಿಗೆ ನೆರವಾದವರು ನೀವು ಎಂದು ತಿಳಿದು ಅವಳು ದಾಳಿ ನಿಲ್ಲಿಸುತ್ತಾಳೆ. ಬಿಸಿಲೂರಿನಂಥ ಹಾಟ್‌ಲ್ಯಾಂಡ್‌ಗೆ ಅಟ್ಟಿಸಿಕೊಂಡು ಬಂದು ಕುಸಿದುಬೀಳುವ ಅಂಡೈನ್‌ಗೆ ಪಕ್ಕದ ವಾಟರ್ ಕೂಲರ್‌ನಿಂದ ನೀರು ತಂದು ಹಾಕಲು ಮರೆಯಬೇಡಿ.

6. ಕಿವಿಯೂ ಆಡಲಿ

ಈ ಆಟದ ಧ್ವನಿಸುರುಳಿಯಲ್ಲಿ 101 ತುಣುಕುಗಳಿವೆ. ಅವು ಒಂದನ್ನೊಂದು ನೆನಪಿಸುತ್ತವೆ. ದೆವ್ವ ನ್ಯಾಪ್‌ಸ್ಟಾಬ್ಲುಕ್‌ನ ಕದನದ ರಾಗವೇ ವೇಗ ಪಡೆದು ಮುಂದೆ ಸಿಡುಕು ಗೊಂಬೆಯ ಕದನದಲ್ಲಿ ಕೇಳಿಸುತ್ತದೆ, ಏಕೆಂದರೆ ಆ ಗೊಂಬೆಯೊಳಗೆ ಇರುವುದು ಅದರ ಸಂಬಂಧಿ ದೆವ್ವ. ವಾಟರ್‌ಫಾಲ್‌ನಲ್ಲಿ ಮಳೆಗೆ ನೆನೆಯುವ ಪ್ರತಿಮೆಗೆ ಕೊಡೆ ಹಿಡಿಸಿದರೆ ಒಂದು ರಾಗ ಮೂಡುತ್ತದೆ. ಅದೇ ರಾಗ ಪಿಯಾನೊ ಒಗಟಿಗೆ ಉತ್ತರ. ಸದ್ದು ಮುಚ್ಚಿ ಆಡುವವರು ಕಥೆಯ ಅರ್ಧವನ್ನು ಕಳೆದುಕೊಳ್ಳುತ್ತಾರೆ. ಇಯರ್‌ಫೋನ್ ಹಾಕಿಕೊಂಡೇ ಕೂರಿ.

7. ಹಳೆಯ ಸೇವ್‌ಗೆ ಮರಳಿದರೂ ಆಟ ಮರೆಯುವುದಿಲ್ಲ

ಬೇರೆ ಆಟಗಳಲ್ಲಿ ತಪ್ಪಾದರೆ ಹಳೆಯ ಸೇವ್‌ಗೆ ಮರಳುತ್ತೇವೆ, ಮುಗಿಯಿತು. ಇಲ್ಲಿ ತೋರಿಯಲ್‌ಳನ್ನು ಕೊಂದು, ಹಿಂದೆ ಹೋಗಿ ಅವಳನ್ನು ಉಳಿಸಿದರೆ, ಫ್ಲೋವಿ ಎಂಬ ಹೂವು ನೀವು ಮಾಡಿದ್ದನ್ನು ನಿಮ್ಮೆದುರೇ ಹೇಳುತ್ತದೆ. ಎಲ್ಲರನ್ನೂ ಹುಡುಕಿ ಹುಡುಕಿ ಕೊಲ್ಲುವ ದಾರಿಯನ್ನು ಕೊನೆಯವರೆಗೆ ತುಳಿದರೆ, ಆಮೇಲೆ ಆಡುವ ಒಳ್ಳೆಯ ಮುಕ್ತಾಯದ ಮೇಲೂ ಅದರ ಕಲೆ ಉಳಿಯುತ್ತದೆ. ಆ ದಾರಿಯಲ್ಲಿ ‘ಮೆಗಲೋವೇನಿಯಾ’ ಎಂಬ ಹೆಸರಾಂತ ಸಂಗೀತವಿದೆ, ಅತಿ ಕಠಿಣ ಕದನವಿದೆ. ಅದಕ್ಕಾಗಿ ಅಷ್ಟು ಜೀವಗಳನ್ನು ತೆಗೆಯಬೇಕೇ ಎಂದು ನಿಧಾನವಾಗಿ ಯೋಚಿಸಿಯೇ ಹೊರಡಿ.

8. ಮೊದಲ ಸಲ ಗೈಡ್ ಬೇಡ, ಎರಡನೆಯ ಸಲ ಬಿಡಬೇಡಿ

ಮೊದಲ ಸಲ ಯಾವ ವಿಡಿಯೋವನ್ನೂ ನೋಡದೆ ಆಡಿ. ಯಾರಿಗೆ ಏನು ಬೇಕೆಂದು ಊಹಿಸುವುದರಲ್ಲೇ ಇದರ ಸುಖವಿದೆ. ಮೊದಲ ಸಲದ ಮುಕ್ತಾಯ ಬಂದಾಗ ಕಥೆ ಪೂರ್ತಿಯಾಗಿರುವುದಿಲ್ಲ, ದಯವಿಟ್ಟು ಅಲ್ಲಿಗೇ ನಿಲ್ಲಿಸಬೇಡಿ. ಯಾರನ್ನೂ ಕೊಲ್ಲದೆ ಪ್ಯಾಪೈರಸ್, ಅಂಡೈನ್, ವಿಜ್ಞಾನಿ ಆಲ್ಫಿಸ್ ಮೂವರ ಸ್ನೇಹ ಗಳಿಸಿದರೆ ಮಾತ್ರ ನಿಜವಾದ ಕೊನೆಯ ಬಾಗಿಲು ತೆರೆಯುತ್ತದೆ.

ಈ ಎಂಟೂ ಪಾಠಗಳು ನಾಲ್ಕನೆಯದಕ್ಕೇ ಮರಳುತ್ತವೆ. ಹಲವು ಪ್ರಕಾರಗಳನ್ನು ಬೆರೆಸುವ ಆಟಗಳು ಬೇಕಾದಷ್ಟಿವೆ. ಆದರೆ ನಿಯಮ ಬದಲಾದಾಗಲೆಲ್ಲ ಒಬ್ಬರ ಪರಿಚಯ ಗಾಢವಾಗುವುದು ಅಪರೂಪ, ‘ಅಂಡರ್‌ಟೇಲ್’ ದೊಡ್ಡದಾಗಿರುವುದು ಅದರಿಂದಲೇ. ಇನ್ನು ಮುಂದೆ ಯಾವ ಆಟದಲ್ಲೇ ಆಗಲಿ, ನಿಯಮ ಏಕಾಏಕಿ ಬದಲಾದರೆ ಬಟನ್ ಒತ್ತುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ನಿಯಮ ಯಾರದು, ಅವರಿಗೆ ನನ್ನಿಂದ ಏನು ಬೇಕು? ಉತ್ತರ ಸಿಕ್ಕರೆ ಬೆರಳುಗಳು ತಾವಾಗಿ ದಾರಿ ಕಂಡುಕೊಳ್ಳುತ್ತವೆ.